ನೀರುಗಂಟಿ ಲೆಕ್ಕದಲ್ಲಿ ಎಲೀಷ ಮೇಷ್ಟ್ರು

ಮಾರಿಕುಪ್ಪಂ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ
ಪ್ರಸಂಗಪೀಠದ ಹಲಗೆ ಎತ್ತಿದರೆ ಒಂದು ತೊಟ್ಟಿ.
ಮೂರು ಸಾವಿರದ ಇನ್ನೂರು ಲೀಟರು.
ಅಳತೆ ನನ್ನದು. ಬೇತಮಂಗಲದ ನೀರು
ಹನ್ನೊಂದು ದಿನಕ್ಕೊಮ್ಮೆ ಬರುವ ಊರಲ್ಲಿ
ಅದು ಎರಡು ಲೈನುಗಳ ಪಾಲು.

"ಸಾರ್, ಆಚೆ ಬೀದಿ ಚರ್ಚಿನೋರು
ತಲೆ ಮೇಲೆ ನಾಕು ಹನಿ ಚಿಮುಕಿಸ್ತಾರೆ,
ಮುಗೀತದೆ. ನಿಮ್ದೇನು?"
ಮೇಷ್ಟ್ರು ಕನ್ನಡಕ ಒರೆಸುತ್ತ ಕೇಳಿದರು:
"ನಿಮ್ಮಪ್ಪನ್ನ ಹೂಳುವಾಗ
ಒಂದು ಚಿಟಿಕೆ ಮಣ್ಣು ಉದುರಿಸಿ ಬಂದ್ಯೇನಯ್ಯ?"

ಅವರಪ್ಪನನ್ನು ಹೂಳಲೇ ಇಲ್ಲ.
ಚಾಂಪಿಯನ್ ರೀಫಿನಲ್ಲಿ ಬಂಡೆ ಸಿಡಿದ ರಾತ್ರಿ
ಒಂಬತ್ತು ಜನರನ್ನು ಇಳಿಸಿದ ಕೇಜು
ಆರು ಜನರನ್ನು ಎತ್ತಿತು.
ಶಾಫ್ಟಿನ ಬಾಯಲ್ಲಿ, ಊಟದ ಕ್ಯಾರಿಯರ್ ಹಿಡಿದು,
ಹಗ್ಗ ಮತ್ತೆ ಅಲುಗೀತೇ ಎಂದು
ಹುಡುಗ ಬೆಳಗಿನತನಕ ನಿಂತಿದ್ದನಂತೆ.
ಇದನ್ನು ಅವರು ಹೇಳಲಿಲ್ಲ.
ಅವರಕ್ಕ ಸಲೋಮಿ ಹೇಳಿದ್ದು,
ಅದೂ ಕೊಳಾಯಿ ಜಗಳದ ನಡುವೆ.

ಆಮೇಲಿನದೆಲ್ಲ ಗೋಡೆಯ ಮೇಲಿದೆ:
ಹೂಗ್ಲಿ ದಂಡೆಯ ಕಾಲೇಜು, ಕಪ್ಪು ನಿಲುವಂಗಿ,
ಕರಾವಳಿಯ ಸೆಮಿನರಿಯಲ್ಲಿ ಹತ್ತೊಂಬತ್ತು ವರ್ಷ
ಗ್ರೀಕು, ಹೀಬ್ರೂ, ಹುಡುಗರ ಸಾಲುಸಾಲು.
ಫೋಟೋದಿಂದ ಫೋಟೋಗೆ ಕೂದಲು ಸವೆಯುತ್ತದೆ.
ಕೊನೆಯಲ್ಲೊಂದು ಬರೀ ಮೊಳೆ.

ನರಕದ ಅಧ್ಯಾಯದಲ್ಲಿ ಒಂದು ಸಾಲು ಬರೆದಿದ್ದರು:
ಇಳಿಸಿದವನು ಎತ್ತದೆ ಇರಲಾರ.
ಕಮಿಟಿ ಕೂತು, ಕಾಫಿ ಕುಡಿದು,
ಹೊಡೆದುಹಾಕಿ ಅಂದಿತು.
"ಹೊಡೆದುಹಾಕಿದ್ರೆ ಪೆನ್ಷನ್ನಾದ್ರೂ ಬರ್ತಿತ್ತು"
ಎಂದು ಸಲೋಮಿ ಇವತ್ತಿಗೂ
ಖಾಲಿ ಬಿಂದಿಗೆಗೆ ಹೇಳುತ್ತಾಳೆ.

ರಾಬರ್ಟ್‌ಸನ್‌ಪೇಟೆಯ ಹೈಸ್ಕೂಲಿನಲ್ಲಿ ಗಣಿತ,
ಸಂಜೆ ನಾಲ್ಕು ಜನ ಹಳ್ಳಿ ಪಾಸ್ಟರುಗಳಿಗೆ ರೋಮಾಪುರದವರ ಪತ್ರಿಕೆ,
ರಾತ್ರಿ, ಗಣಿಯ ಹಳೇ ಹಾಜರಿ ಪುಸ್ತಕಗಳ ಹಿಂಬದಿಯಲ್ಲಿ,
ಕನ್ನಡದಲ್ಲಿ, ಅದೇ ಗ್ರಂಥ ಮತ್ತೆ ಮೊದಲಿಂದ.
ಲೈನಿನಲ್ಲಿ ಕನ್ನಡ ಓದುವವನು ನಾನೊಬ್ಬ;
ಒತ್ತಕ್ಷರ ತಿದ್ದುವ ಕೆಲಸ ನನ್ನ ಪಾಲಿಗೆ.

"ಮನೆಮಾತು ತೆಲುಗು, ಬೀದಿ ತಮಿಳು,
ಕನ್ನಡ ಯಾಕೆ ಸಾರ್?"
"ನಮ್ಮಲ್ಲಿ ಪೊದ್ದು ಗೂಕುತ್ತೆ.
ತಮಿಳರಲ್ಲಿ ಪೊಳುದು ಸಾಯುತ್ತೆ.
ನಿಮ್ಮಲ್ಲಿ ಮಾತ್ರ ಹೊತ್ತು ಮುಳುಗುತ್ತೆ.
ಮುಳುಗಿದ್ದು ಏಳಬೇಕಲ್ಲ?"
ತಮಿಳಲ್ಲಿ ಸಾಯೋದೆಂದರೆ ವಾಲೋದು.
ಗೊತ್ತಿದ್ದೂ ಹಾಗಂದರು. ನಕ್ಕರು.

ಆ ಈಸ್ಟರಿಗೆ ಐವರು ತೊಟ್ಟಿಗಿಳಿದರು.
ಎಪ್ಪತ್ತರ ಕನಕಾಂಬಾಳ್, ಗಣಿಯಾಸ್ಪತ್ರೆ ಗುಡಿಸಿದವಳು,
ಮುಳುಗಿ ಮೇಲೆದ್ದ ಮೇಲೂ
ಮೇಷ್ಟ್ರ ಕಾಲರು ಬಿಡಲಿಲ್ಲ.
ಮುಗಿಯಿತು ಅಂತ ನಾನು ಹಲಗೆಗೆ ಕೈ ಹಾಕಿದರೆ,
"ತಡಿಯಯ್ಯ. ಬಿಂದಿಗೆ ತರಿಸು.
ಲೈನಿನೋರೆಲ್ಲ ಬರಲಿ, ಯಾವ ದೇವರಾದರೂ ಸರಿ."

ಹೆಂಗಸರು ಬಾಗಿಲಲ್ಲೇ ನಿಂತರು.
ಪಾಪ ತೊಳೆದ ನೀರಲ್ಲವಾ?
"ಪಾಪ ನೀರಲ್ಲಿ ಕರಗಲ್ಲಮ್ಮ,
ಕರಗೋದು ಬ್ಲೀಚಿಂಗ್ ಪೌಡರು.
ಇಷ್ಟನ್ನೇ ನಾನು ಇಷ್ಟು ವರ್ಷ ಪಾಠ ಮಾಡಿದ್ದು.
ತಗೊಂಡೋಗಿ ಬಟ್ಟೆ ಒಗೀರಿ."
ಸಂಜೆ ಸೈನೈಡ್ ದಿಬ್ಬದವರೆಗೂ
ತಂತಿಗಳ ಮೇಲೆ ಸೀರೆ, ಲಂಗ, ಯೂನಿಫಾರ್ಮು.

ಕೊನೆಯ ಹಾಜರಿ ಪುಸ್ತಕದಲ್ಲಿ ನಾಮಾನನ ಕತೆ.
ಕುಷ್ಠದ ಸೇನಾಪತಿಗೆ, ಮೇಷ್ಟ್ರ ಹೆಸರಿನದೇ ಪ್ರವಾದಿ,
ಬಾಗಿಲಿಗೂ ಬರದೆ, ಹೇಳಿಕಳಿಸುತ್ತಾನೆ:
ಹೊಳೆಯಲ್ಲಿ ಏಳು ಸಲ ಮುಳುಗು.
ಏಳು ಎಂಬುದರ ಕೆಳಗೆ ಎರಡು ಗೆರೆ,
ಅಂಚಿನಲ್ಲಿ ಪೆನ್ಸಿಲಿನಲ್ಲಿ:
ಇದು ಲೆಕ್ಕವಾ, ಎಬ್ಬಿಸೋ ಮಾತಾ?
ನೀರುಗಂಟಿಯನ್ನು ಕೇಳಬೇಕು.

ಕೇಳಲಿಲ್ಲ. ಕೋಲಾರದ ಆಸ್ಪತ್ರೆ,
ಅಲ್ಲಿಂದ ಗುಂಡಿ. ನೆಲ ಪೂರ್ತಿ ಕಲ್ಲು;
ಮುಚ್ಚಿದ ಗಣಿಯ ವಾಚ್‌ಮನ್ನಿನಿಂದ
ಹಾರೆ ಎರವಲು ತಂದೆವು.
ಚಿಟಿಕೆ ಅಲ್ಲ, ಮಂಕರಿಗಟ್ಟಲೆ ಹಾಕಿದೆ.

ತೊಟ್ಟಿಯಲ್ಲೀಗ ಪ್ಲಾಸ್ಟಿಕ್ ಕುರ್ಚಿ ಪೇರಿಸಿದ್ದಾರೆ.
ಗ್ರಂಥ ನನ್ನ ಟ್ರಂಕಿನಲ್ಲಿದೆ,
ನುಸಿಗುಳಿಗೆ ಹಾಕಿ, ಮೀಟರ್ ರಸೀದಿಗಳ ಜೊತೆ.
ಹನ್ನೊಂದು ದಿನಕ್ಕೊಮ್ಮೆ, ಬೆಳಗಿನ ನಾಲ್ಕಕ್ಕೆ,
ಕಬ್ಬಿಣದ ಕೀಲಿ ಹಿಡಿದು ಚರ್ಚಿನ ಮೂಲೆಗೆ ಬರುತ್ತೇನೆ.
ವಾಲ್ವು ತುಕ್ಕು ಹಿಡಿದದ್ದು. ಎಣಿಸುತ್ತ ತಿರುಗಿಸಬೇಕು.
ನಾಲ್ಕು. ಐದು.
ಆರಕ್ಕೆ ಪೈಪಿನಲ್ಲಿ ಗಾಳಿ ಕೆಮ್ಮುತ್ತದೆ.
ಕೊನೆಯ ಸುತ್ತನ್ನು ಮಾತ್ರ
ಬಾಯಿಬಿಟ್ಟು ಹೇಳುತ್ತೇನೆ.