ಓದಿ ಹೇಳುವವನು

ಎ ಆದಮೇಲೆ ಕೆ ಬರುತ್ತದೆ ಇಲ್ಲಿ,
ಕೆ ಆದಮೇಲೆ ಇ, ಆಮೇಲೆ ಎಚ್.
ಯಾವ ಮೇಷ್ಟರು ಕಲಿಸಿದ ಅಕ್ಷರಮಾಲೆಯೋ.
ಡೈರಿಯ ಎಂಟು ಹಳೆಯ ಕ್ಯಾನುಗಳಿಗೆ ಸುಣ್ಣ ಬಳಿದು
ಒಂದೊಂದರ ಹೊಟ್ಟೆಗೂ ಒಂದೊಂದು ಅಕ್ಷರ ಬರೆದು
ಬೂವನಹಳ್ಳಿ ಬಯಲಲ್ಲಿ ಸಾಲಾಗಿ ಇಟ್ಟಿದ್ದಾರೆ.
ನಾನು ಲಾಳ ಕಟ್ಟುವವನು, ಓದುವುದು ನನ್ನ ಕಸುಬಲ್ಲ.
"ನಿಮ್ಮ ದನಿ ಅದಕ್ಕೆ ಗೊತ್ತು ಬಾಷಣ್ಣ," ಅಂದಳು ಸುನೇತ್ರಾ,
"ನೀವು ಓದಿದರೆ ಒಂದು ಕಿವಿಯಾದರೂ ನಮ್ಮ ಕಡೆ ಇರುತ್ತೆ."

ಅದು ಅಂದರೆ ಜೀರಿಗೆ.
ಹೆಸರು ಕೇಳಿ ಪುಟ್ಟದು ಅಂದುಕೊಳ್ಳಬೇಡಿ,
ಜೀರಿಗೆ ಮೆಣಸಿನ ಜೀರಿಗೆ.
ಮೈಸೂರಿನ ರೇಸಿನಲ್ಲಿ ಐದು ಸಲ ಕೊನೆಗೆ ಬಂದು
ಆರನೆಯ ಸಲ, ಜಾಕಿಯನ್ನು ದಾರಿಯಲ್ಲೇ ಇಳಿಸಿ,
ಮೊದಲು ಬಂದ ಕುದುರೆ.
ಹಿಂಗಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡರೆ
ಅದರ ನಡುಕ ನನ್ನ ಮೂಳೆಗೆ ಇಳಿಯುತ್ತದೆ,
ಇನ್ನೂ ಕಾಣದ ರೈಲು ಹಳಿಗೆ ಬಂದಂತೆ.

ಬಲದ ಕುದುರೆಗೆ ಬಲದ ಕೈ ಅನ್ನುತ್ತಾರೆ.
ಹಾಗಂದವರ ಬೆರಳು ನೋಡಿದ್ದೇನೆ, ಎರಡು ಮಡಚುವುದಿಲ್ಲ.
ಲಗಾಮು ಜಗ್ಗಿದರೆ ಓಡು ಎಂದೇ ಕಲಿಸಿದ್ದಾರೆ ಅದಕ್ಕೆ;
ಜಗ್ಗಿದಷ್ಟೂ ಒರಗುತ್ತದೆ, ಒರಗಿದಷ್ಟೂ ಹಾರುತ್ತದೆ.
ಸುನೇತ್ರಾಳಿಗೆ ಇದು ತಿಳಿಯಲು ಎರಡು ಮಳೆಗಾಲ ಬೇಕಾಯಿತು:
ಹಿಡಿ, ಒಂದೇ ಹೆಜ್ಜೆಯಷ್ಟು.
ಕೇಳಿತೋ ಇಲ್ಲವೋ, ಮುಂದಿನ ಹೆಜ್ಜೆಗೆ ಬಿಡು.
ಕೂಸಿನ ಬೆನ್ನು ತಟ್ಟುವ ಕೈ
ಬೆನ್ನಿಗಿಂತ ಹೆಚ್ಚು ಹೊತ್ತು ಗಾಳಿಯಲ್ಲೇ ಇರುತ್ತದಲ್ಲ, ಹಾಗೆ.

ಸೀಗೆಗುಡ್ಡ ಕಾಣುವ ಮೊದಲೇ ಬಂದಿದ್ದೆವು.
ಬೇರೆ ಕುದುರೆಗಳಿಂದ ದೂರ, ಆಲೂಗಡ್ಡೆ ಕಿತ್ತ ಹೊಲದಂಚಿಗೆ
ಎಡಕ್ಕೊಂದು ಸುತ್ತು, ಬಲಕ್ಕೊಂದು, ಬೆವರು ನೊರೆಯಾಗಿ ಆರುವವರೆಗೆ.
ತೀರ್ಪುಗಾರ್ತಿಯ ಕೆಂಪು ಕೊಡೆಯನ್ನು ಮೂರು ಸಲ ಮೂಸಿಸಿದೆವು,
ಕೊಡೆ ಬರಿಯ ಕೊಡೆ ಎಂದು ಅದಕ್ಕೆ ಖಾತ್ರಿಯಾಗಲಿ ಅಂತ.

ಗಂಟೆ.
"ಎ ಇಂದ ಒಳಕ್ಕೆ, ಟ್ರಾಟ್. ನಡುವಲ್ಲಿ ನಿಂತು ವಂದನೆ."
ನಿಂತಿತು. ಹಿಂಗಾಲೊಂದು ಇನ್ನೂ ಮೈಸೂರಿನಲ್ಲೇ ಓಡುತ್ತಿತ್ತು.
"ಸಿ ಯಲ್ಲಿ ಎಡಕ್ಕೆ."
ಮೂಲೆಯಲ್ಲಿ ಅವಳು ಉಸಿರು ಬಿಟ್ಟಳು,
ಕುದುರೆಯೂ ಬಿಟ್ಟಿತು, ದೊಡ್ಡದಾಗಿ, ಮೂಗಿನಿಂದ.
"ಎಫ್ ನಿಂದ ಎಚ್ ಗೆ, ಓರೆಯಾಗಿ, ಸಡಿಲ ಲಗಾಮಿನ ವಾಕ್."
ಈ ಸಾಲು ಓದುವಾಗ ನನ್ನ ನಾಲಿಗೆ ಒಣಗುತ್ತದೆ.
ಇಷ್ಟು ಹೊತ್ತು ಕೂಡಿಟ್ಟದ್ದನ್ನೆಲ್ಲ
ಎಲ್ಲರೂ ನೋಡುತ್ತಿರುವಾಗ ಕೊಟ್ಟುಬಿಡಬೇಕು.

ಕೊಟ್ಟಳು.
ಆಗಲೇ ಊರ ಕಡೆಯಿಂದ ರೈಲು ಕೂಗಿತು.

ಬೆನ್ನು ಬಿಲ್ಲಾಯಿತು. ಮೊನ್ನೆ ನಾನೇ ಹೊಡೆದ ನಾಲ್ಕು ಲಾಳ
ಒಟ್ಟಿಗೆ ನೆಲ ಬಿಟ್ಟವು.
ಒಂದು ಜಿಗಿತ, ಇನ್ನೊಂದು. ಇ ಉರುಳಿತು, ಠಣಠಣ.
ಈಗ ಜಗ್ಗುತ್ತಾಳೆ ಅಂದುಕೊಂಡೆ. ನಾನಾಗಿದ್ದರೆ ಜಗ್ಗುತ್ತಿದ್ದೆ.
ಹಿಡಿದಳು, ಬಿಟ್ಟಳು.
ಹಿಡಿದಳು, ಬಿಟ್ಟಳು.
ಮೂರನೆಯದಕ್ಕೆ ಒಂದು ಕಿವಿ ಹಿಂದಕ್ಕೆ ಹೊರಳಿತು,
ಬೆಳಗಿನ ಅಂಗಡಿಯ ಬಾಗಿಲಿನಂತೆ, ಅರ್ಧ.
ಹಾಳೆ ನನ್ನ ಕೈಯಲ್ಲಿತ್ತು. ಓದಲಿಲ್ಲ.
ಬಾಯಿಗೆ ಬಂದದ್ದು ಲಾಯದ ಮಾತು:
"ಹೋ ಮಗನೇ, ಕಾಲು ಕೊಡು."

ನಿಂತಿತು. ರೈಲು ಇನ್ನೂ ಹೋಗುತ್ತಲೇ ಇತ್ತು.
ಅಷ್ಟು ದೊಡ್ಡ ಬಯಲಲ್ಲಿ, ಬಿಳಿಯ ಷರಾಯಿಯ ಹುಡುಗಿಯನ್ನು ಹೊತ್ತು
ಜೀರಿಗೆ ಬಲ ಮುಂಗಾಲು ಎತ್ತಿ ಹಿಡಿದು ಕಾಯಿತು,
ನನ್ನ ತೊಡೆ ಬರುತ್ತದೆಂದು.

ಮತ್ತೆ ಗಂಟೆ.
ಹೊರಗಿನವರು ಬಾಯಿ ಹಾಕಿದರೆ ಅಲ್ಲಿಗೆ ಮುಗಿಯಿತು, ನಿಯಮ.
ಹಾಳೆಯಲ್ಲಿ ನಾಲ್ಕು, ಆರು, ಆರೂವರೆ, ಆಮೇಲೆ ಉದ್ದಕ್ಕೆ ಒಂದು ಗೆರೆ.
"ಬೈಯಮ್ಮ," ಅಂದೆ.
ಅವಳು ಇಳಿದು, ಮೊದಲು ಅದರ ಕಾಲನ್ನು ನೆಲಕ್ಕಿಟ್ಟಳು.
"ಆರೂವರೆ ಯಾವುದಕ್ಕೆ ಬಂತು, ನೋಡಿ ಹೇಳಿ."
ಮೂಲೆಗೆ, ಅಂದೆ. ಇಬ್ಬರೂ ಉಸಿರು ಬಿಟ್ಟಿರಲ್ಲ, ಆ ಮೂಲೆಗೆ.

ಉರುಳಿದ ಇ ಯನ್ನು ಎತ್ತಿ ನಿಲ್ಲಿಸಿ ಬಂದೆ.
ಒಳಗೆ ಇನ್ನೂ ಹಾಲಿನ ವಾಸನೆ.