ಮೆರುಗು

ತಿಬುರ್ಸಿಯಾಳ ಅಂಗಳದಲ್ಲಿ ಗಡಿಗೆಗಳೆಲ್ಲ ಬೋರಲು.
ಒಂದನ್ನೆತ್ತಿ ಲಂಗದ ತುದಿಯಲ್ಲಿ ಒರೆಸಿ
ಮುಖ ನೋಡಿಕೋ, ಅನ್ನುತ್ತಾಳೆ.
ಕಾಣುತ್ತೇನೆ: ಜೇನುಬಣ್ಣದಲ್ಲಿ, ಕೊಂಚ ಸೊಟ್ಟಗೆ,
ಹೆಗಲಲ್ಲಿ ಆರೋಗ್ಯ ಇಲಾಖೆಯ ಚೀಲ.

ಈ ಹೊಳಪಿಗೆ ವಹಾಕಾದ ಬೆಟ್ಟಗಳಾಚೆಯಿಂದಲೂ ಗಿರಾಕಿ.
ಅದರ ಹಳದಿ ಪುಡಿಯನ್ನು ಇಲ್ಲಿ ಗ್ರೇತಾ ಅಂತಾರೆ,
ಯಾರೋ ಹುಡುಗಿಯನ್ನು ಕರೆದ ಹಾಗೆ.
ಸೀಸ, ಅಂದರೆ ನಗುತ್ತಾಳೆ:
'ನಮ್ಮಜ್ಜಿ ತೊಂಬತ್ತು ದಾಟಿದಳು.'
ಬಾಯಿಗೆ ಅಡ್ಡ ಹಿಡಿಯಹೋದ ಕೈ
ಮಣಿಕಟ್ಟಿನಲ್ಲೇ ಜೋತುಬೀಳುತ್ತದೆ
ಹಗ್ಗಕ್ಕೆ ಹಾಕಿದ ಒದ್ದೆ ಕೈಗವಸಿನಂತೆ.

ಹತ್ತಿಕಡ್ಡಿಯಿಂದ ಗಡಿಗೆಯ ಕಂಠ ಉಜ್ಜುತ್ತೇನೆ.
ಇಪ್ಪತ್ತು ಎಣಿಸುವ ಮೊದಲೇ ಗುಲಾಬಿ,
ಆಮೇಲೆ ಕೆಂಪು.

ಮೊಮ್ಮಗ ಎಲ್ಪಿದಿಯೊಗೆ ಎಂಟು ವರ್ಷ.
ಏಳರ ಮಗ್ಗಿ ಕೇಳಿದರೆ ಹೊಟ್ಟೆ ಹಿಡಿದು ಕೂರುತ್ತಾನೆ.
ಶಾಲೆಯಲ್ಲಿ ಮೊದಲು ಸೋಮಾರಿ ಅಂದರು,
ಆಮೇಲೆ ಮೊಂಡ,
ಆಮೇಲೆ ಏನೂ ಅನ್ನಲಿಲ್ಲ.

ಕಿವಿಗೆ ಕಾದ ಸೀಸ ಸುರಿಯುವುದು ಹಳೆಯ ಕಾಲದ ಶಿಕ್ಷೆ.
ಇಲ್ಲಿ ಯಾರೂ ಯಾರನ್ನೂ ಶಿಕ್ಷಿಸಲಿಲ್ಲ.
ಕಪ್ಪು ಬೀನ್ಸ್ ಬೆಂದಿತು, ನಿಂಬೆ ಹಿಂಡಿದರು,
ಹುಳಿ ಮೆಲ್ಲಗೆ ಮೆರುಗನ್ನು ಸುಲಿಯಿತು,
ಅಜ್ಜಿ ತುತ್ತು ಮಾಡಿ ಉಣಿಸಿದಳು. ಅಷ್ಟೆ.

ರಕ್ತದಲ್ಲಿ ಅದು ತಿಂಗಳೊಪ್ಪತ್ತಿನ ನೆಂಟ,
ಎಲುಬಿನಲ್ಲಿ ಒಕ್ಕಲು.
ಸುಣ್ಣದ ವೇಷ ಹಾಕಿ ಒಳಹೊಕ್ಕು
ಇಪ್ಪತ್ತು ಮೂವತ್ತು ವರ್ಷ ತುಟಿ ಬಿಚ್ಚದೆ ಕೂತಿರುತ್ತದೆ.
ಬಸುರಿಯ ಮೈ ಕೂಸಿಗೆಂದು
ತನ್ನೆಲುಬಿನ ಸುಣ್ಣ ಕರಗಿಸುವಾಗ
ಅದೂ ಎದ್ದು ಜೊತೆಗೆ ಹೊರಡುತ್ತದೆ.

ತರಬೇತಿಯಲ್ಲಿ ಇದನ್ನು ಬರೆದುಕೊಳ್ಳುತ್ತ
ನನ್ನ ಪೆನ್ನು ನಿಂತಿತ್ತು.
ನಾನು ಇದೇ ಬೀದಿಯ ಕೊನೆಯ ಮನೆಯವಳು,
ಇಂಥದೇ ಗಡಿಗೆಯ ತಳ ಕೆರೆದು ತಿಂದವಳು.
ಈಗ ಐದು ತಿಂಗಳು.

'ಉಂಡು ಹೋಗು ನೆರೈದಾ,
ಇಬ್ಬರ ಪಾಲಿನದು ಉಣ್ಣಬೇಕು ನೀನು.'
ಈ ಮನೆಯಲ್ಲಿ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ.
ಜೋಳದ ರೊಟ್ಟಿಯನ್ನಷ್ಟೇ ಮುರಿದು
ಉಪ್ಪು ಹಚ್ಚಿಕೊಂಡು
ಬಹಳ ಹೊತ್ತು ಅಗಿಯುತ್ತೇನೆ.
ಬಟ್ಟಲ ಬೀನ್ಸ್ ಆರುತ್ತದೆ. ಅವಳು ನೋಡುತ್ತಾಳೆ,
ಏನೂ ಕೇಳುವುದಿಲ್ಲ.

ಅತ್ತ ಎಲ್ಪಿದಿಯೊ ಕಡ್ಡಿಯೊಂದರಿಂದ
ಮಣ್ಣಿನಲ್ಲಿ ದುಂಡಗೆ ಗೀರುತ್ತಿದ್ದಾನೆ.
ಸೊನ್ನೆಯಾ? ಸೂರ್ಯನಾ?
ಗಡಿಗೆ, ಅನ್ನುತ್ತಾನೆ ತಲೆಯೆತ್ತದೆ.
ಇನ್ನೂ ಮೆರುಗು ಹಾಕಿಲ್ಲ.