ಪರದೆಯ ಹಿಂದುಗಡೆ

ಹಟ್ಟಿ ಕ್ಯಾಂಪಿನ ಆಚೆ, ಚಿನ್ನ ತೆಗೆದು ಬಿಸಾಕಿದ
ಬೂದುಮಣ್ಣಿನ ದಿಬ್ಬದ ಬುಡದಲ್ಲಿ
ನಾಲ್ಕು ಧೋತರ ಕೂಡಿಸಿ ಹೊಲಿದ ಪರದೆ.
ಎರಡು ಬಿದಿರು, ಹಗ್ಗ, ಅಂಚಿಗೆ ಕಟ್ಟಿದ ಕಲ್ಲು.
ಶುಭ ಶುಕ್ರವಾರದ ಹಿಂದಿನ ರಾತ್ರಿ
ಲಿಂಗಸೂಗೂರಿನ ಹುಸೇನಸಾಬ
ಟೆಂಪೋದಲ್ಲಿ ಯೇಸುವನ್ನು ತಂದ,
ಐದು ತಗಡಿನ ಡಬ್ಬಿಗಳಲ್ಲಿ.

ಮುಂದುಗಡೆ ಕುರ್ಚಿ, ಜಮಖಾನ, ಚುರುಮುರಿ ಮಾರುವವರು.
ನಮ್ಮವ್ವ ಸುವಾರ್ತಮ್ಮ, ಓಣಿಯ ಹೆಂಗಸರ ಜೊತೆ
ಹೊತ್ತು ಮುಳುಗುವ ಮೊದಲೇ ಬಂದಿದ್ದಳು.
ಮೊದಲು ಬಂದರೂ ತಡವಾಗಿ ಬಂದವರೇ ನಾವು.
"ಹಿಂದ ಭಾಳ ಜಾಗ ಐತಿ" ಅಂದರು ಯಾರೋ.
ಹಿಂದೆ ನಿಜಕ್ಕೂ ಜಾಗವಿತ್ತು.
ಜಾಲಿಮುಳ್ಳು ಸರಿಸಿ ಕೂತರು.

ಹಾಗಾಗಿ ನಮ್ಮವ್ವ ಕಂಡ ಕರ್ತನು ಎಡಚ.
ಎಡಗೈಯಲ್ಲಿ ರೊಟ್ಟಿ ಮುರಿದ,
ಎಡಗೈಯಲ್ಲಿ ಕುರುಡನ ಕಣ್ಣಿಗೆ ಕೆಸರು ಹಚ್ಚಿದ,
ಕಲ್ಲು ಹೊಡೆಯಲು ಎಳೆದು ತಂದ ಹೆಣ್ಣಿನ ಮುಂದೆ ಬಾಗಿ
ಎಡಗೈ ಬೆರಳಿಂದ ಮಣ್ಣಲ್ಲಿ ಬರೆದ.

ಏನು ಬರೆದನೆಂದು ಉಪದೇಶಿ ದೇವಪುತ್ರಪ್ಪ ಹೇಳಲಿಲ್ಲ.
ಪರದೆಯ ಪಕ್ಕ ಕಂದೀಲು ಹಿಡಿದು ನಿಂತು
ಗೊತ್ತಿಲ್ಲದ ಭಾಷೆಯನ್ನು ನಮ್ಮ ಬಾಯಿಗೆ ತರುತ್ತಿದ್ದ:
"ಏಳು, ನಿನ್ನ ಚಾಪಿ ಸುತಗೊಂಡು ನಡಿ."
"ಅಂಜಬ್ಯಾಡ್ರಿ, ನಾನ ಅದೀನಿ."
ತಿಳಿಯದ್ದು ಬಂದಾಗ ಕೆಮ್ಮುತ್ತಿದ್ದ.
ಪಿಲಾತ ಮಾತಾಡುವಾಗ ಬಹಳ ಕೆಮ್ಮಿದ.

ಗಾಳಿ ಬಿಟ್ಟಾಗ ಪರದೆ ಉಬ್ಬಿ
ಗಲಿಲಾಯದ ನೀರು ತಾನಾಗಿ ಎದ್ದು ಬೀಳುತ್ತಿತ್ತು.
ಸಮುದ್ರ ನೋಡಿರದ ಅವ್ವ ಸೀರೆ ಮೇಲೆತ್ತಿಕೊಂಡಳಂತೆ.
ಹೊಲಿಗೆಯ ಗೆರೆಯೊಂದು ಕರ್ತನ ಕೆನ್ನೆಯ ಮೇಲೆ
ಹಳೆಯ ಗಾಯದ ಹಾಗೆ ಕೊನೆತನಕ ಇತ್ತು.

ಮೂರನೆಯ ಮೊಳೆ ಹೊಡೆಯುವ ಹೊತ್ತಿಗೆ
ಗಣಿಯ ಸೈರನ್ನು ಕೂಗಿತು. ರಾತ್ರಿ ಪಾಳಿ.
ಮುಂದಿನವರಲ್ಲಿ ಕೆಲವರು, ಹಿಂದಿನ ಗಂಡಸರೆಲ್ಲರೂ
ಕುಂಡಿಯ ಧೂಳು ಕೊಡವಿ ಎದ್ದರು. ನಮ್ಮಪ್ಪನೂ.
ಅವನನ್ನು ಶಿಲುಬೆಯ ಮೇಲೇ ಬಿಟ್ಟು
ಎರಡು ಸಾವಿರ ಅಡಿ ಕೆಳಗೆ ಇಳಿದರು.
ಸಮಾಧಿಯ ಬಂಡೆ ಉರುಳಿದ್ದು ಅವರು ನೋಡಲಿಲ್ಲ;
ಅವರ ಮುಂದೆ ಬೇರೆ ಬಂಡೆಗಳಿದ್ದವು.

ಬೆಳಗಿನ ಆರಕ್ಕೆ ಅಪ್ಪ ಮೇಲೆ ಬಂದ,
ರೆಪ್ಪೆಯ ತುಂಬ ಕಲ್ಲಿನ ಪುಡಿ.
"ಆಮ್ಯಾಲ ಏನಾತು?"
ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಎದ್ದು ಬಂದ."
"ಯಾರಿಗೆ ಕಂಡ?"
"ಮಗ್ದಲದ ಮರಿಯವ್ವಗ."
"ಗುರ್ತು ಹಿಡಿದಳ?"
"ಮದ್ಲ ಹಿಡೀಲಿಲ್ಲ. ತೋಟದ ಮಾಲಿ ಅನಕೊಂಡ್ಲು"
ಅನ್ನುತ್ತಾ ಸೆರಗಿನಿಂದ ಅವನ ಕಣ್ಣು ಒರೆಸಿದಳು.
ಅವತ್ತಿನ್ನೂ ಶುಕ್ರವಾರ.

ನಾನು ಹುಟ್ಟಿದ್ದು ಮರುವರ್ಷ. ಎಡಚಿ.
ಹನುಮರೆಡ್ಡಿ ಮಾಸ್ತರ ಗೆಣ್ಣಿಗೆ ಪಟ್ಟಿಯಿಂದ ಹೊಡೆದು
"ಎಡಗೈಯವರ ಬುದ್ಧಿ" ಅಂದರು.
ಆ ಮಾತಿಗೆ ನಮ್ಮ ಕಡೆ ಎರಡು ಅರ್ಥ.
ಎರಡೂ ನನಗೆ ತಾಗಿದವು.
ಅವ್ವ ಬಂದಳು, ಶಾಲೆಯ ಹೊಸ್ತಿಲಾಚೆಯೇ ನಿಂತು
"ಯೇಸುಸ್ವಾಮಿ ಎಡಗೈಲೆ ಬರದಾನ್ರೀ,
ನಾ ಕಣ್ಣಾರೆ ನೋಡೀನಿ" ಅಂದಳು.
ಮಾಸ್ತರ ಪಟ್ಟಿ ಕೆಳಗಿಟ್ಟರು.
ನಂಬಿದರೋ, ಬೇಸತ್ತರೋ.

ಮೊನ್ನೆ ಮೊಬೈಲಿನಲ್ಲಿ ಆ ಸಿನೆಮಾ ಸಿಕ್ಕಿತು.
ಮೊದಲ ಸಲ ಮುಂದುಗಡೆಯಿಂದ ನೋಡಿದೆ.
ಬಲಗೈ. ರೊಟ್ಟಿಗೂ ಬಲಗೈ, ಕೆಸರಿಗೂ,
ಮಣ್ಣಿನ ಬರಹಕ್ಕೂ.

ಪೊರೆ ಬಂದ ಕಣ್ಣಿನ ಅವ್ವ ಮಂಚದಿಂದ ಕೇಳಿದಳು:
"ಬರಿಯಾಕ ಹತ್ಯಾನ? ಎಡಗೈಲೆ ಹೌದಲ್ಲ?"

ನಾನು ಮೊಬೈಲನ್ನು
ಬೀರುವಿನ ಕನ್ನಡಿಗೆ ತಿರುಗಿಸಿ ಹಿಡಿದೆ.
ಅವ್ವ ಕೋಲೂರಿ ಎದ್ದು ಬಂದು
ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು.
ಬಹಳ ಹೊತ್ತು ನೋಡಿ,
"ಅಂವನ ಹೌದು" ಅಂದಳು.
ಆಮೇಲೆ ಕನ್ನಡಿಯ ಮೇಲೆ ಬೆರಳಾಡಿಸುತ್ತಾ,
"ಹೊಲಿಗಿ ಬಿಚ್ಯಾರ."